ಕ್ಯೂಆರ್ ಸ್ಟಿಕ್ಕರ್ ಕಿತ್ತರೆ ತೆರಿಗೆ ಹೋಗುತ್ತದೆಯೇ? ಸಣ್ಣ ಅಂಗಡಿಯ ತೆರಿಗೆ, ಸಾಲ, ಸಹಾಯಧನದ ಲೆಕ್ಕ

2025ರ ಜುಲೈನಲ್ಲಿ ಬೆಂಗಳೂರಿನ ಬೀದಿ ಬೀದಿಯಲ್ಲೂ ಒಂದೇ ದೃಶ್ಯ. ಬಾಳೆಗೊನೆಯ ಪಕ್ಕದಲ್ಲಿ, ಬಿಸ್ಕೆಟ್ ಬರಣಿಯ ಮೇಲೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಕ್ಯೂಆರ್ ಸ್ಟಿಕ್ಕರ್‌ಗಳನ್ನು ಅಂಗಡಿಯವರು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು. ಆ ಜಾಗಕ್ಕೆ ನೋಟ್‌ಬುಕ್ಕಿನ ಹಾಳೆ ಬಂತು: ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’. ಬೈ-ಟು ಕಾಫಿ ಕುಡಿದು ಮೊಬೈಲ್ ಎತ್ತಿದವರು ಜೇಬು ತಡಕಾಡುವಂತಾಯಿತು.

ಆಗಿದ್ದು ಇಷ್ಟು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆಯ ವಿವರ ತರಿಸಿಕೊಂಡಿತು. ಜಿಎಸ್‌ಟಿ ನೋಂದಣಿ ಇಲ್ಲದಿದ್ದರೂ ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಹಣ ಬಂದಿದ್ದ ವರ್ತಕರಿಗೆ ನೋಟಿಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ಕಡೆಗೆ ತರಕಾರಿ ಮಾರುವವರಿಗೂ ನೋಟಿಸು ತಲುಪಿತು. ಜುಲೈ 25ಕ್ಕೆ ಬಂದ್ ಕರೆ ಬಂತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಪ್ರತಿನಿಧಿಗಳನ್ನು ಕರೆಸಿ ಮಾತಾಡಿದರು. ಹಳೆಯ ಬಾಕಿಗೆ ಕೈ ಹಾಕುವುದಿಲ್ಲ, ಆದರೆ ಮುಂದಕ್ಕೆ ನೋಂದಣಿ ಮಾಡಿಸಿಕೊಳ್ಳಬೇಕು ಎಂಬ ಭರವಸೆಯ ಮೇಲೆ ಬಂದ್ ಕೈಬಿಟ್ಟಿತು. ಕೆಲವೇ ವಾರಗಳಲ್ಲಿ ಸ್ಟಿಕ್ಕರ್‌ಗಳೂ ಒಂದೊಂದಾಗಿ ವಾಪಸ್ ಬಂದವು. ಗಿರಾಕಿ ಕೇಳಬೇಕಲ್ಲ.

ಆ ತಿಂಗಳು ಲೆಕ್ಕ ಬರೆಯುವ ನಮ್ಮಂಥವರ ಮುಂದೆ ಕುಳಿತವರೆಲ್ಲರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ಬಿಲ್ಲು, ಪಾಸ್‌ಬುಕ್ಕು ತುಂಬಿಕೊಂಡು ಬಂದ ಹಾಸನ ಕಡೆಯ ಅಂಗಡಿಯವರೊಬ್ಬರು ಕೇಳಿದ್ದು ಹೀಗೆ: “ಸಾರ್, ನಂದು ಕಾಲು ಭಾಗ ವ್ಯಾಪಾರ ಹಾಲು. ಹಾಲಿಗೆ ಟ್ಯಾಕ್ಸೇ ಇಲ್ಲ ಅಲ್ವಾ?”

“ಹಾಲಿಗಿಲ್ಲ ಗೌಡ್ರೆ. ಪಕ್ಕದಲ್ಲಿರೋ ಸಿಗರೇಟಿಗೆ?”

ಗೌಡರು ಕವರಿನೊಳಗೆ ಕೈಹಾಕಿ ಏನೋ ಹುಡುಕತೊಡಗಿದರು.

ಈ ಲೇಖನ ಆ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ.

40 ಲಕ್ಷ ಎಂಬ ಅರ್ಧ ಸತ್ಯ

ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಆಗ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷದ ವಹಿವಾಟು. 2019ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಇದು 40 ಲಕ್ಷಕ್ಕೆ ಏರಿತು. ಎಲ್ಲರ ತಲೆಯಲ್ಲಿ ಕುಳಿತಿರುವುದು ಈ 40. ಆದರೆ ಆ 40 ಲಕ್ಷ ಎಲ್ಲರಿಗೂ ಅಲ್ಲ, ಬರೀ ಸರಕು ಮಾರುವವರಿಗೆ. ಸೇವೆ ಕೊಡುವವರಿಗೆ ಈಗಲೂ 20 ಲಕ್ಷವೇ. ಸಲೂನ್, ಟೈಲರಿಂಗ್, ಮೊಬೈಲ್ ರಿಪೇರಿ, ಮನೆ ಪೇಂಟಿಂಗ್ ಕಾಂಟ್ರಾಕ್ಟು, ಮೆಸ್ಸು, ಕೇಟರಿಂಗ್ ಎಲ್ಲವೂ ಸೇವೆ.

ಇಲ್ಲಿ ಒಂದು ತಿರುವಿದೆ. ಬೇಕರಿಯಲ್ಲಿ ಬನ್ನು ಪೊಟ್ಟಣ ಕಟ್ಟಿ ಕೊಟ್ಟರೆ ಅದು ಸರಕು. ಅದೇ ಬೇಕರಿಯ ಮುಂದೆ ಸ್ಟೂಲ್ ಹಾಕಿ ಟೀ ಕೊಟ್ಟರೆ ಕಾನೂನಿನ ಕಣ್ಣಿಗೆ ಅದು ಹೋಟೆಲಿನ ಸೇವೆ. ದಿನಕ್ಕೆ ನೂರು ಟೀ ಮಾರುವ ಅಂಗಡಿ ‘ಬರೀ ಸರಕು ಮಾರುವ’ ಅಂಗಡಿಯಾಗಿ ಉಳಿಯುವುದಿಲ್ಲ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಇನ್ನೂ ಸೂಕ್ಷ್ಮ ಒಂದಿದೆ. 40 ಲಕ್ಷದ ರಿಯಾಯಿತಿ ಕೊಟ್ಟ ಅಧಿಸೂಚನೆಯಲ್ಲೇ ಐಸ್‌ಕ್ರೀಂ, ಪಾನ್ ಮಸಾಲ ಮತ್ತು ತಂಬಾಕು ಮಾರುವವರನ್ನು ಹೊರಗಿಟ್ಟಿದ್ದಾರೆ. ಅಂದರೆ ಮೂಲೆಯಲ್ಲಿ ಒಂದು ಸಿಗರೇಟು ಡಬ್ಬ ಇಟ್ಟ ಕಾಂಡಿಮೆಂಟ್ಸ್ ಅಂಗಡಿಗೂ ಲೆಕ್ಕಕ್ಕೆ ಬರುವುದು 20 ಲಕ್ಷ. ಇದನ್ನು ಹೇಳಿದಾಗ ನಂಬದೆ ಮತ್ತೊಬ್ಬ ಆಡಿಟರ್ ಹತ್ತಿರ ಹೋದವರನ್ನೂ ನೋಡಿದ್ದೇನೆ. ತಪ್ಪು ಅವರದಲ್ಲ, ಅಂಗಡಿಯ ಅರ್ಧ ಗಲ್ಲಾ ತುಂಬಿಸುವ ಸರಕಿನ ಬಗ್ಗೆ ಇಂಥ ವಿನಾಯಿತಿಯ ವಿನಾಯಿತಿ ಬರೆದವರು ಅದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅಂಗಡಿಗಳಿಗೆ ಹಂಚಬಹುದಿತ್ತು.

ಇನ್ನು ಹಾಲಿನ ಪ್ರಶ್ನೆ. ತೆರಿಗೆ ಇಲ್ಲದ್ದನ್ನು ಮಾತ್ರ ಮಾರುವವರು ಎಷ್ಟೇ ವಹಿವಾಟು ಮಾಡಿದರೂ ನೋಂದಣಿ ಬೇಕಿಲ್ಲ. ಹಸಿ ತರಕಾರಿ, ಹಣ್ಣು, ಪ್ಯಾಕೆಟ್ ಹಾಲು, ಹೂವು ಇಂಥವು. ತರಕಾರಿಯವರ ನೋಟಿಸಿಗೆ ಉತ್ತರ ಇದೊಂದೇ ಸಾಲು: ‘ನಾನು ಮಾರುವುದು ತೆರಿಗೆ ವಿನಾಯಿತಿ ಇರುವ ಸರಕು ಮಾತ್ರ.’ ಜೊತೆಗೆ ಮಂಡಿಯ ಚೀಟಿ ಇಟ್ಟರೆ ಮುಗಿಯಿತು. ಆದರೆ ತೆರಿಗೆ ಇರುವ ಒಂದು ಸರಕು ಜೊತೆಗೆ ಸೇರಿತೋ, ಮಿತಿ ದಾಟಿದೆಯೇ ಎಂದು ನೋಡುವಾಗ ಹಾಲಿನ ದುಡ್ಡೂ ಒಟ್ಟು ವಹಿವಾಟಿಗೆ ಸೇರುತ್ತದೆ. ತೆರಿಗೆ ಹಾಕುವಾಗ ಮಾತ್ರ ಹಾಲನ್ನು ಬಿಡುತ್ತಾರೆ. ಗೌಡರಿಗೆ ಗೊಂದಲವಾದದ್ದು ಇಲ್ಲೇ: ಮಿತಿ ನೋಡುವ ಲೆಕ್ಕ ಬೇರೆ, ತೆರಿಗೆ ಹಾಕುವ ಲೆಕ್ಕ ಬೇರೆ.

ಯುಪಿಐ ಬಗ್ಗೆಯೂ ಒಂದು ಮಾತು. ಯುಪಿಐನಲ್ಲಿ ದುಡ್ಡು ತೆಗೆದುಕೊಂಡಿದ್ದಕ್ಕೆ ಯಾವ ತೆರಿಗೆಯೂ ಇಲ್ಲ. ತೆರಿಗೆ ವ್ಯಾಪಾರದ ಮೇಲೆ, ನಗದಾದರೂ ಅಷ್ಟೇ, ಯುಪಿಐ ಆದರೂ ಅಷ್ಟೇ. ಇತ್ತ ಖಾತೆಗೆ ಬಂದದ್ದೆಲ್ಲ ವ್ಯಾಪಾರವೂ ಅಲ್ಲ. ಊರಿನಿಂದ ತಮ್ಮ ಕಳಿಸಿದ ಹಣ, ಚೀಟಿ ಎತ್ತಿದ್ದು, ಕೈಸಾಲ ವಾಪಸ್ ಬಂದದ್ದು, ಚಿಲ್ಲರೆ ಇಲ್ಲದವನಿಗೆ ನೋಟು ಕೊಟ್ಟು ಯುಪಿಐ ಹಾಕಿಸಿಕೊಂಡದ್ದು ಎಲ್ಲ ಅದೇ ಉಳಿತಾಯ ಖಾತೆಯಲ್ಲಿ ಕಲಸಿಕೊಂಡಿರುತ್ತವೆ. ಇದು ವ್ಯಾಪಾರವಲ್ಲ ಎಂದು ತೋರಿಸುವ ಹೊಣೆ ಮಾತ್ರ ಖಾತೆದಾರನ ಮೇಲೆ ಬೀಳುತ್ತದೆ. ಮೂರು ವರ್ಷದ ಹಿಂದಿನ ಒಂದು ಜಮೆಯನ್ನು ‘ಇದು ಭಾವಮೈದುನ ಕೊಟ್ಟದ್ದು’ ಎಂದು ನೆನಪಿನಿಂದ ಹೇಳಬಲ್ಲವರು ಯಾರು? ಅಂಗಡಿಗೆ ಬೇರೆ ಖಾತೆ, ಬೇರೆ ಕ್ಯೂಆರ್ ಇದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಒಂದು ಬಿಸ್ಕೆಟ್ ಡಬ್ಬದ ಕತೆ

‘ನೋಂದಣಿ ಇಲ್ಲ, ಆದ್ದರಿಂದ ನಾನು ತೆರಿಗೆ ಕಟ್ಟುತ್ತಿಲ್ಲ’ ಎಂದು ಅಂಗಡಿಯವರು ಅಂದುಕೊಂಡಿದ್ದಾರೆ. ಇಲಾಖೆಯವರೂ ಕೆಲವೊಮ್ಮೆ ಹಾಗೆಯೇ ಮಾತಾಡುತ್ತಾರೆ. ಒಂದು ಡಬ್ಬ ಬಿಸ್ಕೆಟ್ ಹಿಡಿದು ನೋಡೋಣ.

ಬಿಸ್ಕೆಟ್ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5. ಡಿಸ್ಟ್ರಿಬ್ಯೂಟರ್ ಡಬ್ಬದ ಬೆಲೆ 900 ರೂಪಾಯಿ, ಅದರ ಮೇಲೆ ತೆರಿಗೆ 45 ರೂಪಾಯಿ, ಒಟ್ಟು 945 ತೆಗೆದುಕೊಂಡ. ಅಂಗಡಿಯಲ್ಲಿ ಡಬ್ಬವೆಲ್ಲ ಬಿಡಿಬಿಡಿಯಾಗಿ ಮಾರಿದಾಗ ಬರುವುದು 1,050. ನೋಂದಣಿ ಇಲ್ಲದವನ ಲಾಭ 105. ಆದರೆ ಗಮನಿಸಿ, ಅವನು 45 ರೂಪಾಯಿ ತೆರಿಗೆಯನ್ನು ಆಗಲೇ ಡಿಸ್ಟ್ರಿಬ್ಯೂಟರ್ ಕೈಗೆ ಕೊಟ್ಟಾಗಿದೆ.

ಅದೇ ಅಂಗಡಿಗೆ ಮಾಮೂಲಿ ಜಿಎಸ್‌ಟಿ ನೋಂದಣಿ ಇದ್ದರೆ 1,050ರಲ್ಲಿ ಬೆಲೆ 1,000, ತೆರಿಗೆ 50. ಕೊಳ್ಳುವಾಗ ಕೊಟ್ಟ 45ನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕಾದ್ದು 5 ರೂಪಾಯಿ. ಲಾಭ 100. ರಾಜಿ ತೆರಿಗೆಗೆ, ಅಂದರೆ ಕಾಂಪೋಸಿಷನ್‌ಗೆ ಸೇರಿದರೆ ಮುರಿದುಕೊಳ್ಳುವುದು ಇಲ್ಲ, ಮಾರಾಟದ ಮೇಲೆ ಶೇ. 1 ಕಟ್ಟಿದರಾಯಿತು: 10 ರೂಪಾಯಿ 50 ಪೈಸೆ. ಲಾಭ 94 ರೂಪಾಯಿ 50 ಪೈಸೆ.

105, 100, 94.50. ಇಡೀ ಜಗಳ ನಡೆದಿರುವುದು ಈ ಐದು, ಹತ್ತು ರೂಪಾಯಿ ಅಂತರದಲ್ಲಿ.

ಹಾಗಾದರೆ ನೋಟಿಸಿನಲ್ಲಿ ಲಕ್ಷಗಟ್ಟಲೆ ಬಂದದ್ದು ಎಲ್ಲಿಂದ? ನೋಂದಣಿ ಇಲ್ಲದ ಅವಧಿಯಲ್ಲಿ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮುರಿದುಕೊಳ್ಳುವ ಹಕ್ಕಿಲ್ಲ. ನೋಟಿಸು ಹೋದ ವರ್ಷಗಳಲ್ಲಿ ಬಿಸ್ಕೆಟ್ ಮೇಲೆ ತೆರಿಗೆ ಶೇ. 18 ಇತ್ತು. ಅದೇ ಡಬ್ಬ ಆಗ 900ರ ಮೇಲೆ 162 ತೆರಿಗೆ ಸೇರಿ 1,062ಕ್ಕೆ ಬಂತು, 1,180ಕ್ಕೆ ಹೋಯಿತು ಎನ್ನಿ. ಅಂಗಡಿಯವನ ಲಾಭ 118. ನೋಂದಾಯಿಸಿದ್ದರೆ ಕಟ್ಟಬೇಕಿದ್ದುದು 18. ನೋಂದಾಯಿಸದೆ ಸಿಕ್ಕಿಬಿದ್ದರೆ ಕೇಳುವುದು ಪೂರ್ತಿ 180, ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ, ಅದರ ಮೇಲೆ ದಂಡ. ಲಾಭಕ್ಕಿಂತ ತೆರಿಗೆಯೇ ದೊಡ್ಡದು. ಅಂಗಡಿಯವರು ಬೀದಿಗೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಡಿಸ್ಟ್ರಿಬ್ಯೂಟರ್ ಕೊಟ್ಟ ಬಿಲ್ಲನ್ನು ಸಾಮಾನು ಸುತ್ತಿ ಕೊಡಲು ಬಳಸಿದವರೂ ಇದ್ದರು.

ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ಅಂಗಡಿಯನ್ನು ಮುಳುಗಿಸುವುದು ತೆರಿಗೆಯ ದರವಲ್ಲ, ಹಿಂದಿನ ದಿನಾಂಕಕ್ಕೆ ಬೀಳುವ ತೆರಿಗೆ. ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕೆಂಬ ನಿಯಮಕ್ಕೆ ಇಷ್ಟು ಬೆಲೆ ಇರುವುದು ಅದಕ್ಕೇ. ನೋಂದಣಿಗೆ ಸರ್ಕಾರದ ಶುಲ್ಕ ಸೊನ್ನೆ.

ಮಾಮೂಲಿಯೋ ರಾಜಿಯೋ?

ರಾಜಿ ತೆರಿಗೆಗೆ ಸೇರಲು ವಹಿವಾಟು ಒಂದೂವರೆ ಕೋಟಿಯೊಳಗಿರಬೇಕು. ಸರಕು ಮಾರುವವರಿಗೆ, ತಯಾರಿಸುವವರಿಗೆ ಶೇ. 1; ಹೋಟೆಲು, ಟೀ ಅಂಗಡಿಗೆ ಶೇ. 5, ಬೇರೆ ಸೇವೆಯವರಿಗೆ ವಹಿವಾಟು 50 ಲಕ್ಷದೊಳಗಿದ್ದರೆ ಶೇ. 6. ಮೂರು ತಿಂಗಳಿಗೊಮ್ಮೆ ಒಂದು ಪುಟ್ಟ ಲೆಕ್ಕಪಟ್ಟಿ, ವರ್ಷಕ್ಕೊಂದು ರಿಟರ್ನು. ಬೋರ್ಡಿನ ಮೇಲೆ ತಾನು ರಾಜಿ ತೆರಿಗೆದಾರ ಎಂದು ಬರೆಸಬೇಕು, ಗಿರಾಕಿಯಿಂದ ಬೇರೆಯಾಗಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ, ಹೊರ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ಬಿಲ್ಲಿನಲ್ಲಿ ಶೇ. 5 ಸೇರಿಸುವ ದರ್ಶಿನಿಯ ಗೋಡೆಯ ಮೇಲೆ ಈ ಬೋರ್ಡು ಕಂಡರೆ ಒಮ್ಮೆ ಕೇಳಿ ನೋಡಿ.

ಗೌಡರ ಅಂಗಡಿಗೆ ಹಾಕಿ ನೋಡೋಣ. ದಿನಕ್ಕೆ ಹಾಲು 4,000, ಸಿಗರೇಟು 5,000, ಬಿಸ್ಕೆಟ್, ಚಿಪ್ಸ್, ಸೋಪು, ಶಾಂಪೂ ಸೇರಿ 6,000, ಒಟ್ಟು 15,000. ವರ್ಷಕ್ಕೆ 360 ದಿನ ಅಂಗಡಿ ತೆರೆದರೆ 54 ಲಕ್ಷ. ಇದರಲ್ಲಿ ಹಾಲಿನ 14 ಲಕ್ಷ 40 ಸಾವಿರ ಬಿಟ್ಟರೆ ತೆರಿಗೆ ಬೀಳುವುದು 39 ಲಕ್ಷ 60 ಸಾವಿರದ ಮೇಲೆ. ಶೇ. 1ರಂತೆ 39,600, ತಿಂಗಳಿಗೆ 3,300. ಅಂಗಡಿ ಬಾಡಿಗೆಗೆ, ಕರೆಂಟ್ ಬಿಲ್ಲಿಗೆ ಹೋಲಿಸಿದರೆ ಬದುಕಬಹುದಾದ ಮೊತ್ತ. ಬಿಸ್ಕೆಟ್ ಡಬ್ಬದ ಲೆಕ್ಕ ಮಾಮೂಲಿ ನೋಂದಣಿಯೇ ಅಗ್ಗ ಎನ್ನುತ್ತದೆ, ಆದರೆ ಅಲ್ಲಿ ಪ್ರತಿ ಕೊಳ್ಳುವಿಕೆಯ ಬಿಲ್ಲೂ ಬೇಕು, ಬಿಲ್ಲು ಡಿಸ್ಟ್ರಿಬ್ಯೂಟರ್ ಕಡೆಯಿಂದ ಪೋರ್ಟಲ್‌ಗೂ ಏರಿರಬೇಕು, ಲೆಕ್ಕ ಬರೆಯುವವರ ಫೀಸೂ ಜಾಸ್ತಿ. ಬೆಳಿಗ್ಗೆ ಐದಕ್ಕೆ ಹಾಲಿನ ಕ್ರೇಟು ಇಳಿಸಿಕೊಂಡು ರಾತ್ರಿ ಹತ್ತಕ್ಕೆ ಶಟರ್ ಎಳೆಯುವ ಗಂಡ-ಹೆಂಡತಿಗೆ ನಾನು ರಾಜಿಯನ್ನೇ ಹೇಳುತ್ತೇನೆ. ಅಂಗಡಿಯಲ್ಲಿ ಟೀಯೂ ಇದ್ದರೆ ಯಾವ ದರ ಯಾವುದಕ್ಕೆ ಎಂಬುದು ಜಟಿಲ. ಸೇರುವ ಮುನ್ನ ಆಡಿಟರ್ ಜೊತೆ ಕೂತು ತೀರ್ಮಾನಿಸಿಕೊಳ್ಳಬೇಕು, ಆಮೇಲಲ್ಲ. ಒಮ್ಮೆ ನೋಂದಾಯಿಸಿದ ಮೇಲೆ ವ್ಯಾಪಾರ ಇರಲಿ ಬಿಡಲಿ ರಿಟರ್ನು ಹಾಕುತ್ತಲೇ ಇರಬೇಕು. ತಪ್ಪಿದರೆ ದಿನದ ಲೆಕ್ಕದಲ್ಲಿ ತಡಶುಲ್ಕ ಬೆಳೆಯುತ್ತದೆ. ಅಂಗಡಿ ಮುಚ್ಚಿದವರು ನೋಂದಣಿ ರದ್ದು ಮಾಡಿಸಲು ಮರೆತು ಕಟ್ಟಿದ ಹಣ ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಲೂನಿನವರಿಗೆ ಒಂದು ಸಮಾಧಾನ: 2025ರ ಸೆಪ್ಟೆಂಬರ್‌ನ ಬದಲಾವಣೆಯಲ್ಲಿ ಕ್ಷೌರ, ಬ್ಯೂಟಿ ಪಾರ್ಲರ್ ಸೇವೆಯ ಮೇಲಿನ ತೆರಿಗೆ ಶೇ. 18ರಿಂದ 5ಕ್ಕೆ ಇಳಿದಿದೆ, ಕೊಳ್ಳುವ ಸಾಮಾನಿನ ತೆರಿಗೆ ಮುರಿದುಕೊಳ್ಳುವಂತಿಲ್ಲ ಎಂಬ ಷರತ್ತಿನ ಮೇಲೆ. ಕೂಲಿಯೇ ದೊಡ್ಡ ಖರ್ಚಾಗಿರುವ ಕಸುಬಿಗೆ ಇದು ಲಾಭವೇ.

ಆದಾಯ ತೆರಿಗೆ: ಹೆದರಿಕೆಯೇ ಜಾಸ್ತಿ

ವಹಿವಾಟು 54 ಲಕ್ಷ ಎಂದು ಬರೆದುಕೊಟ್ಟರೆ ಆದಾಯ ತೆರಿಗೆಯವರು ಬಂದು ಕೂರುತ್ತಾರೆ ಎಂಬುದು ಎರಡನೇ ಭಯ. ಇಲ್ಲಿ ಕಾನೂನು ನಿಜಕ್ಕೂ ಸಣ್ಣವರ ಕಡೆಗಿದೆ. 44ಎಡಿ ಎಂದೇ ಎಲ್ಲರ ಬಾಯಲ್ಲಿರುವ ಕಲಮಿನಡಿ ಎರಡು ಕೋಟಿಯವರೆಗಿನ ವ್ಯಾಪಾರಕ್ಕೆ ಪೂರ್ತಿ ಲೆಕ್ಕಪುಸ್ತಕ ಬೇಡ, ಆಡಿಟ್ ಬೇಡ. ನಗದು ವಹಿವಾಟಿನ ಶೇ. 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದದ್ದರ ಶೇ. 6 ಲಾಭವೆಂದು ತೋರಿಸಿದರೆ ಸಾಕು. ನಗದು ಶೇ. 5ಕ್ಕಿಂತ ಕಡಿಮೆ ಇದ್ದರೆ ಮಿತಿ ಮೂರು ಕೋಟಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ, ಪದ್ಧತಿ ಉಳಿದಿದೆ.

ಗೌಡರ 54 ಲಕ್ಷದಲ್ಲಿ ಅರ್ಧ ನಗದು, ಅರ್ಧ ಯುಪಿಐ ಎಂದರೆ ಲಾಭ 2 ಲಕ್ಷ 16 ಸಾವಿರ ಮತ್ತು 1 ಲಕ್ಷ 62 ಸಾವಿರ ಸೇರಿ 3 ಲಕ್ಷ 78 ಸಾವಿರ. 2025-26ರಿಂದ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ, ರಿಯಾಯಿತಿ ಸೇರಿಸಿದರೆ 12 ಲಕ್ಷದವರೆಗೂ ಸೊನ್ನೆ. ಎಲ್ಲವನ್ನೂ ಯುಪಿಐನಲ್ಲೇ ತೆಗೆದುಕೊಂಡು ಎರಡು ಕೋಟಿ ವ್ಯಾಪಾರ ಮಾಡಿದವರ ಶೇ. 6 ಎಷ್ಟು? ಸರಿಯಾಗಿ 12 ಲಕ್ಷ. ಸ್ಟಿಕ್ಕರ್ ಕಿತ್ತು ನಗದಿಗೆ ಇಳಿದವರ ಲಾಭದ ದರ ಶೇ. 6ರಿಂದ 8ಕ್ಕೆ ಏರುತ್ತದೆ ಎಂಬುದನ್ನು ಆ ಜುಲೈನಲ್ಲಿ ಯಾರೂ ಹೇಳಿದಂತಿಲ್ಲ. ಒಂದು ಎಚ್ಚರಿಕೆ: ಶೇ. 6 ಅಥವಾ 8 ಎಂಬುದು ಕನಿಷ್ಠ. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. ಕಮಿಷನ್ ವ್ಯವಹಾರದವರಿಗೆ ಈ ಸೌಲಭ್ಯ ಇಲ್ಲ.

ತೆರಿಗೆ ಸೊನ್ನೆಯಾದರೂ ರಿಟರ್ನು ಹಾಕಿ ಎನ್ನುವುದಕ್ಕೆ ಕಾರಣ ಬ್ಯಾಂಕಿನ ಮ್ಯಾನೇಜರ್. ಸಾಲ ಕೇಳಲು ಹೋದಾಗ ಅವರು ಮೊದಲು ಕೇಳುವುದೇ ಎರಡು-ಮೂರು ವರ್ಷದ ರಿಟರ್ನು.

ಸಾಲ ಸಾಲವೇ, ಸಹಾಯಧನ ಬೇರೆ

‘ಮುದ್ರಾದಲ್ಲಿ ಎಷ್ಟು ಸಬ್ಸಿಡಿ ಸಿಗುತ್ತೆ?’ ಎಂದು ಕೇಳದವರಿಲ್ಲ. ಸೊನ್ನೆ. 2015ರ ಏಪ್ರಿಲ್ 8ರಂದು ಶುರುವಾದ ಮುದ್ರಾ ಬರೀ ಸಾಲ: ಶಿಶು 50 ಸಾವಿರದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ, ತರುಣ್ ಸಾಲ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೆ ತರುಣ್ ಪ್ಲಸ್. ಸರ್ಕಾರ ಕೊಡುವುದು ದುಡ್ಡನ್ನಲ್ಲ, ಬ್ಯಾಂಕಿಗೆ ಧೈರ್ಯ. ನೀವು ಕಟ್ಟದಿದ್ದರೆ ನಷ್ಟದ ಒಂದು ಭಾಗ ತುಂಬಿಕೊಡುವ ಖಾತರಿ ನಿಧಿ ಹಿಂದೆ ಇರುತ್ತದೆ, ಆದ್ದರಿಂದ ಮನೆ ಪತ್ರ ಅಡವಿಡಬೇಕಿಲ್ಲ. ಖಾತರಿ ಇರುವುದು ಬ್ಯಾಂಕಿಗೆ, ನಿಮಗಲ್ಲ. ಕಂತು ತಪ್ಪಿದರೆ ನಿಮ್ಮ ಸಿಬಿಲ್ ಕೆಡುವುದು ಹಾಗೆಯೇ ಇದೆ. ದೊಡ್ಡ ಮೊತ್ತಕ್ಕೆ ಇದೇ ಬಗೆಯ ಖಾತರಿ ಕೊಡುವುದು 2000ದಲ್ಲಿ ಹುಟ್ಟಿದ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟು. ಜಾಮೀನಿಲ್ಲದೆ ಕೊಡುವುದಿಲ್ಲ ಎನ್ನುವ ಶಾಖೆಯಲ್ಲಿ ಈ ಹೆಸರು ಹೇಳಿ, ತಿರಸ್ಕರಿಸಿದರೆ ಕಾರಣ ಬರೆದುಕೊಡಿ ಎಂದು ಕೇಳಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಬೀದಿಬದಿಯವರಿಗೆ ಇರುವುದು 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ. ಈಗ ಮೊದಲ ಸಾಲ 15 ಸಾವಿರ, ತೀರಿಸಿದರೆ 25 ಸಾವಿರ, ಅದನ್ನೂ ತೀರಿಸಿದರೆ 50 ಸಾವಿರ. ಸರಿಯಾಗಿ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇ. 7 ವಾಪಸ್ ಖಾತೆಗೆ ಬರುತ್ತದೆ. ಯೋಜನೆಯನ್ನು 2030ರ ಮಾರ್ಚ್ ಕೊನೆಯವರೆಗೆ ವಿಸ್ತರಿಸಿದ್ದಾರೆ. ಬೆಳಿಗ್ಗೆ 900 ಕೊಟ್ಟು ಸಂಜೆ 1,000 ವಸೂಲಿ ಮಾಡುವ ಮಾರ್ಕೆಟ್ಟಿನ ಬಡ್ಡಿಯವನ ಪಕ್ಕದಲ್ಲಿ ಇಟ್ಟು ನೋಡಿದರೆ ಈ ಹದಿನೈದು ಸಾವಿರ ಚಿಕ್ಕದಲ್ಲ. ಪಾಲಿಕೆ ಅಥವಾ ಪುರಸಭೆಯ ವ್ಯಾಪಾರಿ ಗುರುತಿನ ಚೀಟಿ ಇಲ್ಲವೇ ಶಿಫಾರಸು ಪತ್ರ ಬೇಕು. ಆ ಚೀಟಿ ಎತ್ತಂಗಡಿಯ ಸಮಯಕ್ಕೂ ಕೈಹಿಡಿಯುತ್ತದೆ. ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ಮಡಿವಾಳ, ದರ್ಜಿ, ಚಮ್ಮಾರ ಮೊದಲಾದ 18 ಕಸುಬಿನವರಿಗೆ 2023ರ ಪಿಎಂ ವಿಶ್ವಕರ್ಮ ಇದೆ: ತರಬೇತಿ, ಉಪಕರಣಕ್ಕೆ 15 ಸಾವಿರ, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ.

ನಿಜವಾದ ಸಹಾಯಧನ ಇರುವುದು ಹೊಸದಾಗಿ ಶುರು ಮಾಡುವವರಿಗೆ, ಪಿಎಂಇಜಿಪಿ ಎಂಬ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ. ಇಲ್ಲಿ ಆ ಹಣ ಹೇಗೆ ಬರುತ್ತದೆ ಎಂಬುದನ್ನು ತಿಳಿಯದೆ ಕೆಟ್ಟವರು ಬಹಳ. ಕಲಬುರಗಿ ಕಡೆಯ ಹಳ್ಳಿಯೊಂದರಲ್ಲಿ ಮಹಿಳೆಯೊಬ್ಬರು 10 ಲಕ್ಷದ ಜೋಳದ ರೊಟ್ಟಿ ಘಟಕ ಹಾಕುತ್ತಾರೆ ಎನ್ನಿ. ಮಹಿಳೆಯಾದ್ದರಿಂದ ಸ್ವಂತ ಪಾಲು ಶೇ. 5, ಅಂದರೆ 50 ಸಾವಿರ. ಗ್ರಾಮೀಣ ಭಾಗವಾದ್ದರಿಂದ ಸಹಾಯಧನ ಶೇ. 35, ಮೂರೂವರೆ ಲಕ್ಷ. ಬ್ಯಾಂಕು ಒಂಬತ್ತೂವರೆ ಲಕ್ಷವನ್ನೂ ಸಾಲವಾಗಿಯೇ ಕೊಡುತ್ತದೆ. ಆಮೇಲೆ ಬರುವ ಮೂರೂವರೆ ಲಕ್ಷ ಅವರ ಕೈಗೆ ಸೇರುವುದಿಲ್ಲ, ಅದೇ ಶಾಖೆಯಲ್ಲಿ ಅವರ ಹೆಸರಿನ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ. ಠೇವಣಿಗೆ ಬಡ್ಡಿ ಇಲ್ಲ, ಸಾಲದಲ್ಲಿ ಅಷ್ಟು ಮೊತ್ತಕ್ಕೂ ಬಡ್ಡಿ ಹಾಕುವಂತಿಲ್ಲ. ಮೂರು ವರ್ಷ ಕಳೆದ ಮೇಲೆ ಘಟಕ ನಡೆಯುತ್ತಿದೆಯೇ ಎಂದು ನೋಡಿ ಸಾಲಕ್ಕೆ ಜಮೆ ಮಾಡುತ್ತಾರೆ. ಹಂಚು ಆರಿ ಘಟಕ ಮುಚ್ಚಿದ್ದರೆ ಹಣ ವಾಪಸ್ ಹೋಗುತ್ತದೆ. ಆದ್ದರಿಂದ ‘ಮೂರೂವರೆ ಲಕ್ಷ ಬಂದ ಮೇಲೆ ಮೆಷಿನ್ ತಗೊಳ್ತೀನಿ’ ಎಂಬ ಲೆಕ್ಕ ನಡೆಯದು. ‘ಸಬ್ಸಿಡಿ ಬಿಡಿಸಿಕೊಡ್ತೀನಿ, ಹತ್ತು ಪರ್ಸೆಂಟ್ ಕೊಡಿ’ ಎನ್ನುವ ಮಧ್ಯವರ್ತಿ ಏನನ್ನು ಬಿಡಿಸಿಕೊಡುತ್ತಾನೆ ಎಂಬುದನ್ನೂ ಇದರಿಂದಲೇ ಊಹಿಸಬಹುದು. ನಡೆಯುತ್ತಿರುವ ಹಳೆಯ ಅಂಗಡಿಗೆ ಹೊಸ ಬೋರ್ಡು ಹಾಕಿ ಅರ್ಜಿ ಕೊಡುವಂತಿಲ್ಲ.

ತಿಂಡಿ-ತಿನಿಸು, ಬೆಲ್ಲ, ಉಪ್ಪಿನಕಾಯಿ, ಎಣ್ಣೆ ಗಾಣದಂಥ ಕಿರು ಆಹಾರ ಉದ್ದಿಮೆಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಇದಕ್ಕಿಂತ ಉದಾರ. ಕೇಂದ್ರದ ಯೋಜನೆಯಲ್ಲಿ ಶೇ. 35 ಇದ್ದರೆ ಕರ್ನಾಟಕ ಮೇಲೆ ಶೇ. 15 ಸೇರಿಸಿ ಅರ್ಧಕ್ಕರ್ಧ ಮಾಡಿದೆ, ಗರಿಷ್ಠ 15 ಲಕ್ಷ. ನಡೆಯುತ್ತಿರುವ ಘಟಕವನ್ನು ಮೇಲ್ದರ್ಜೆಗೆ ಏರಿಸಲಿಕ್ಕೂ ಕೊಡುತ್ತಾರೆ. ಮಂಡ್ಯದ ಆಲೆಮನೆಯವರಿಗೆ ಇದು ಹೇಳಿ ಮಾಡಿಸಿದಂತಿದೆ. ಇಲ್ಲಿ ನೋಡಿಕೊಳ್ಳುವುದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಮಹಿಳೆಯರಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ಯೂ ಇದೆ: 3 ಲಕ್ಷದವರೆಗಿನ ಬ್ಯಾಂಕ್ ಸಾಲಕ್ಕೆ ಪರಿಶಿಷ್ಟರಿಗೆ ಅರ್ಧ, ಉಳಿದವರಿಗೆ ಶೇ. 30 ಸಹಾಯಧನ, ಆದಾಯದ ಮಿತಿಯೊಂದಿಗೆ. ಯೋಜನೆಗಳ ಅವಧಿ, ಅನುದಾನ ವರ್ಷ ವರ್ಷಕ್ಕೂ ಬದಲಾಗುವುದರಿಂದ ಕೊಟೇಶನ್ ತರಿಸುವ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದ ಮೆಟ್ಟಿಲು ಹತ್ತಿ ಕೇಳುವುದು ಕ್ಷೇಮ.

ಬಾಕಿ ಉಳಿಸಿಕೊಂಡ ದೊಡ್ಡವರು

ಇವುಗಳಲ್ಲಿ ಹಲವಕ್ಕೆ ಬಾಗಿಲು ‘ಉದ್ಯಮ್’, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ. 2020ರ ಜುಲೈ 1ರಿಂದ ಆಧಾರ್ ನಂಬರಿನಿಂದ, ಮೊಬೈಲ್‌ನಲ್ಲೇ, ಪುಕ್ಕಟೆ ಆಗುತ್ತದೆ. ಅದೇ ಹೆಸರು ಹೋಲುವ ವೆಬ್‌ಸೈಟುಗಳು ಎರಡು-ಮೂರು ಸಾವಿರ ಕೀಳುತ್ತವೆ, ಹುಷಾರು. ಎರಡೂವರೆ ಕೋಟಿಯೊಳಗಿನ ಹೂಡಿಕೆ ಮತ್ತು ಹತ್ತು ಕೋಟಿಯೊಳಗಿನ ವಹಿವಾಟು ಇದ್ದರೆ ‘ಸೂಕ್ಷ್ಮ’ ಉದ್ಯಮ. ನಮ್ಮ ಬೀದಿಯ ಅಂಗಡಿಗಳೆಲ್ಲ ಅದರೊಳಗೇ.

ಈ ಸರ್ಟಿಫಿಕೇಟಿನ ದೊಡ್ಡ ಉಪಯೋಗ ಬಹಳ ಜನಕ್ಕೆ ಗೊತ್ತಿಲ್ಲ. ಕಂಪನಿಯೊಂದರ ಸಿಬ್ಬಂದಿಗೆ ದಿನಾ ಅರವತ್ತು ಊಟ ಕಳಿಸುವ ಮೆಸ್ಸಿನವರು ಒಬ್ಬರಿದ್ದಾರೆ. ಬಿಲ್ಲು ಕೊಟ್ಟ ಮೂರು ತಿಂಗಳಿಗೆ ದುಡ್ಡು. ಅಷ್ಟರಲ್ಲಿ ಅಕ್ಕಿ-ಬೇಳೆ ಅಂಗಡಿಯ ಉದ್ರಿ ಬೆಳೆದಿರುತ್ತದೆ, ಸಿಲಿಂಡರಿಗೆ ಕೈಸಾಲ. ಕಾನೂನಿನ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳಿಗೂ ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ ರಾಜ್ಯದ ಸೌಲಭ್ಯ ಮಂಡಳಿ ವಿಚಾರಿಸುತ್ತದೆ. ಅದರ ತೀರ್ಪನ್ನು ಪ್ರಶ್ನಿಸಲು ಕಂಪನಿ ಮೊದಲು ಮುಕ್ಕಾಲು ಪಾಲು ಹಣ ಕಟ್ಟಬೇಕು. ಬರೀ ಕೊಂಡು ಮಾರುವವರಿಗೆ ಈ ರಕ್ಷಣೆ ಇಲ್ಲ. ಅವರಿಗೆ ಉದ್ಯಮ್ ನೋಂದಣಿ ಕೊಟ್ಟಿರುವುದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ಊಟ ಮಾಡಿ ಕೊಡುವವರು, ಬಟ್ಟೆ ಹೊಲಿದು ಕೊಡುವವರು, ಎಸಿ ರಿಪೇರಿಯವರು ಇದರೊಳಗೆ ಬರುತ್ತಾರೆ.

ಇದನ್ನೆಲ್ಲ ಹೇಳಿದಾಗ ಆ ಮೆಸ್ಸಿನ ಅಮ್ಮ ತಲೆಯಾಡಿಸಿದರು. “ಕೇಸು ಹಾಕಿದ್ರೆ ದುಡ್ಡೇನೋ ಬರುತ್ತೆ ಸಾರ್. ನಾಳೆಯಿಂದ ಊಟ ಬೇಡ ಅಂದ್ರೆ?” ಅದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ಆದರೆ 2024ರ ಏಪ್ರಿಲ್‌ನಿಂದ ಇನ್ನೊಂದು ಕಡೆಯಿಂದ ಹಿಡಿತ ಬಂದಿದೆ. ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಕೊಡದ ಹಣವನ್ನು ಕಂಪನಿ ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸಿಕೊಳ್ಳುವಂತಿಲ್ಲ. ಕೊಟ್ಟ ವರ್ಷವೇ ತೋರಿಸಬೇಕು. ಮೆಸ್ಸಿನ ಅಮ್ಮ ಮಾಡಿದ್ದು ಇಷ್ಟೇ: ಬಿಲ್ ಪುಸ್ತಕ ಹೊಸದಾಗಿ ಅಚ್ಚು ಹಾಕಿಸುವಾಗ ಮೇಲ್ಗಡೆ ಉದ್ಯಮ್ ನಂಬರು ಸೇರಿಸಿದರು. ಮಾರ್ಚ್ ಕೊನೆಯ ವಾರ ಕಂಪನಿಯ ಅಕೌಂಟ್ಸ್ ವಿಭಾಗದಿಂದಲೇ ಫೋನು ಬಂತು: “ಮೇಡಂ, ನಿಮ್ಮ ಉದ್ಯಮ್ ಸರ್ಟಿಫಿಕೇಟ್ ವಾಟ್ಸ್ಆ್ಯಪ್ ಮಾಡಿ. ಹಳೇ ಬಿಲ್ ಎಷ್ಟಿದೆ ನೋಡಿ, ಮೂವತ್ತೊಂದರೊಳಗೆ ಹಾಕ್ಬಿಡ್ತೀವಿ.”